ಗ್ರೀಸಿನೊಳಗಿನ ನಾರು

ಜನವರಿ 20, ಸೋಮವಾರ

ಇವತ್ತಿನಿಂದ ನಾನು ಬೇಳೆ ಮಿಲ್ಲಿನ ಮಾಲಕಿಯಂತೆ! ಬೀಜಗಣಿತ ಕಲಿಸುವ ಬಾಯಲ್ಲಿ "ಆ ಚೀಲ ಇಲ್ಲಿಡು, ಈ ಚೀಲ ಅಲ್ಲಿಡು" ಎಂದು ಒದರಿ ಒದರಿ ಗಂಟಲು ಕಟ್ಟಿದೆ. ತೊಗರಿ ಧೂಳು ಮೂಗಿನಲ್ಲಿ, ಕಿವಿಯಲ್ಲಿ, ಸೀರೆಯ ನೆರಿಗೆಯಲ್ಲಿ. ತಲೆಗೆ ಎಷ್ಟು ನೀರು ಹಾಕಿಕೊಂಡರೂ ಹೋಗಲೊಲ್ಲದು.

ಎಲ್ಲದಕ್ಕೂ ಕಾರಣ ಅಮರನಾಥರ ಕಾಲು. ನಿಂಬರ್ಗಾದಿಂದ ತೊಗರಿ ನೋಡಿಕೊಂಡು ಬರುವಾಗ ಬೈಕ್ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡರು. ಹಂಗಾಮು ಶುರುವಾದ ವಾರವೇ ಬೀಳಬೇಕೆ? ಗಂಡ ಮಂಚದ ಮೇಲೆ, ಹೊಸ ತೊಗರಿ ಮಿಲ್ಲಿನ ಬಾಗಿಲಲ್ಲಿ. ನರೋಣಾದ ಹೈಸ್ಕೂಲಿಗೆ ರಜೆ ಬರೆದುಕೊಟ್ಟು ಬಂದೆ. ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿದೆ. ಅವರನ್ನು ಬಿಟ್ಟು ನಾನು ಅಮರನಾಥರ ಮಷೀನ್ ಕಾಯಬೇಕು.

ಮಾವ ಇದ್ದಾರೆ, ಇದ್ದೂ ಉಪಯೋಗವಿಲ್ಲ. ಮಿಲ್ ಕಟ್ಟಿದವರೇ ಅವರು, ಶಿವರಾಯಪ್ಪನವರು. ಬೀಗದ ಕೈ ಈಗಲೂ ಅವರ ಸೊಂಟದಲ್ಲೇ. ಒಂದು ವರ್ಷದ ಹಿಂದೆ ಮಗ ಹಳೆಯ ಮಷೀನ್ ಕಿತ್ತು ಬೇರಿಂಗ್ ಮೇಲೆ ತಿರುಗುವ ಹೊಸದನ್ನು ತಂದು ಕೂರಿಸಿದಾಗ ದೊಡ್ಡ ರಂಪವಾಯಿತು. ಹಳೆಯದಕ್ಕೆ ಬೇರಿಂಗೇ ಇರಲಿಲ್ಲ. ಶಾಫ್ಟು ಹಿತ್ತಾಳೆಯ ಬುಶ್ಶಿನೊಳಗೆ ಎಣ್ಣೆ ಕುಡಿಯುತ್ತ ಗಾಣದ ಹಾಗೆ ನಿಧಾನ ತಿರುಗುತ್ತಿತ್ತು. "ಹೊಸದಕ್ಕ ಒಂದು ಕಾಯಿ ಒಡೀರಿ" ಎಂದು ಮಗ ಕೇಳಿದ್ದಕ್ಕೆ ಮಾವ ಹಮಾಲರ ಮುಂದೆಲ್ಲ ಹೇಳಿಬಿಟ್ಟರು: "ಕೊರಳಾಗ ಲಿಂಗ ಕಟ್ಕೊಂಡವ ಕಬ್ಬಿಣಕ್ಕ ಕೈ ಮುಗ್ಯಾಂಗಿಲ್ಲ. ಇದಕ್ಕ ನಾ ಕೈನೂ ಹಚ್ಚಂಗಿಲ್ಲ."

ಅಂದಿನಿಂದ ಅಪ್ಪ-ಮಗನ ನಡುವೆ ಮಾತಿಲ್ಲ. "ನಿಮ್ಮ ಮಾವಗ ಉಣ್ಣಾಕ ಹೇಳು." "ನಿನ್ನ ಗಂಡಗ ಗುಳಗಿ ತೊಗೋ ಅನ್ನು." ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಎರಡೂ ಕಡೆಯ ಮಾತು ನನ್ನ ಬಾಯಿಂದಲೇ ಹೋಗಬೇಕು. ಈ ಮನೆಯಲ್ಲಿ ನಾನು ಸೊಸೆಯೋ ಟಪಾಲಿನವಳೋ ತಿಳಿಯದಾಗಿದೆ.

ಜನವರಿ 24, ಶುಕ್ರವಾರ

ಮಷೀನ್ ನಿಂತಿತು. ಕಿರ್ರ್ ಎಂದು ಹಲ್ಲು ಜುಮ್ಮೆನ್ನುವ ಹಾಗೆ ಕಿರುಚಿ, ಸುಟ್ಟ ವಾಸನೆ ಬಿಟ್ಟು ನಿಂತಿತು. ತೊಗರಿಯ ಸಿಪ್ಪೆ ಸುಲಿಯುವ ರೋಲಿನ ಶಾಫ್ಟಿಗೆ ಎರಡು ತುದಿಗೂ ಒಂದೊಂದು ಬೇರಿಂಗ್, ಬೀಡುಕಬ್ಬಿಣದ ಗೂಡಿನೊಳಗೆ ಕೂತಿರುತ್ತದೆ. ಬಾಗಿಲ ಕಡೆಯದು ಹೋಗಿತ್ತು. ಯಾವಾಗಲೂ ಅದೇ ಹೋಗುವುದಂತೆ. ಹೋದ ಹಂಗಾಮಿನಲ್ಲೂ ಇದೇ ಗೋಳಿತ್ತು.

ಫಿಟರ್ ಗುರುಲಿಂಗ ಬಂದ. ಬೇರಿಂಗನ್ನು ನೋಡುವ ಮೊದಲೇ ಅವನ ತೀರ್ಪು ತಯಾರಿತ್ತು.

"ಮಾಲೇ ಡೂಪ್ಲಿಕೇಟ್ ವೈನೀರ. ಡಬ್ಬಿ ಮ್ಯಾಲಿನ ಹೆಸರು ಖರೇ, ಒಳಗಿನ ಮಾಲು ಸುಳ್ಳ."

ಸಿಟ್ಟಿನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಬೇರಿಂಗ್ ಅಂಗಡಿಗೆ ಹೋದೆ. ಅಂಗಡಿ ಜೀನತಳದ್ದು. ಅವಳ ಅಪ್ಪನ ಕಾಲದಿಂದ ನಮ್ಮ ಆಳಂದದ ಮಿಲ್ಲುಗಳಿಗೆಲ್ಲ ಅಲ್ಲಿಂದಲೇ ಬೇರಿಂಗ್. ನಾನು ಡೂಪ್ಲಿಕೇಟ್ ಎಂದೆ. ಅವಳು ಕನ್ನಡಕ ಹಣೆಯ ಮೇಲೆ ಸರಿಸಿ ನಕ್ಕಳು.

"ನನ್ನ ಅಂಗಡ್ಯಾಗ ನಕಲಿ ಮಾಲು ತೋರಸ್ರಿ ಟೀಚರ್, ಅಂಗಡಿನೇ ನಿಮ್ಮ ಹೆಸರಿಗೆ ಮಾಡ್ತೇನಿ. ಹೋಗಿದ್ದ ಬೇರಿಂಗ್ ಎಲ್ಲಿ? ಹೆಣ ನೋಡದ ಹ್ಯಾಂಗ ಸತ್ತದಂತ ನಾ ಏನು ಹೇಳ್ಲಿ?"

ತಂದಿರಲಿಲ್ಲ. ಗುರುಲಿಂಗ ಅದನ್ನು ಗುಜರಿಗೆ ಎಸೆದಿದ್ದ. ಹೊಸದನ್ನು ಕೊಡು ತಾಯಿ, ಹೋಗುತ್ತೇನೆ ಎಂದರೆ ಬಿಡಲಿಲ್ಲ, ಒಂದೊಂದನ್ನೇ ನನ್ನ ಅಂಗೈಯಲ್ಲಿಟ್ಟು ತಿರುಗಿಸಿ ತೋರಿಸಿದಳು. ಗುಂಡಿನದು ಫ್ಯಾನಿಗೆ, ಮೋಟಾರಿಗೆ; ಜೋರಾಗಿ ತಿರುಗುತ್ತದೆ, ಆದರೆ ಭಾರೀ ತೂಕ ಹೊರುವುದಿಲ್ಲ. ಉರುಳೆಯದು ತೂಕ ಹೊರುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುವ ಉರುಳೆಯದು ಟ್ರ್ಯಾಕ್ಟರ್ ಟ್ರಾಲಿಯ ಗಾಲಿಗೆ. ತೂಕವನ್ನೂ ತಡೆಯುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ನೂಕಿದರೂ ತಡೆಯುತ್ತದೆ. ಸೂಜಿಯಂಥ ಕಡ್ಡಿಗಳದು ಇಕ್ಕಟ್ಟು ಜಾಗಕ್ಕೆ. ನಮಗೆ ಬೇಕಾದದ್ದು ಎರಡು ಸಾಲು ಗುಂಡಿನದು. ಉದ್ದನೆಯ ಶಾಫ್ಟು ಸ್ವಲ್ಪ ಬಾಗಿದರೂ ತಾನೇ ವಾಲಿ ಹೊಂದಿಕೊಳ್ಳುತ್ತದಂತೆ. ನಮ್ಮ ಮನೆಯಲ್ಲಿ ಆ ಕೆಲಸ ಮಾಡುವವಳು ನಾನು, ನನಗೆ ಪಾಠ ಬೇಕಾಗಿರಲಿಲ್ಲ.

ಜನವರಿ 29, ಬುಧವಾರ

ಅಮಾವಾಸ್ಯೆ. ಮಿಲ್ ಬಂದ್. ಮಾವ ಬೆಳಿಗ್ಗೆಯೇ ಚೀಲ ಹಿಡಿದು "ಇಲಿ ಆಗ್ಯಾವ, ನೋಡಿ ಬರ್ತೇನಿ" ಎಂದು ಆ ಕಡೆ ಹೋದರು. ಇಲಿಯೋ ಹುಲಿಯೋ ಹೋಗಲಿ. ನಾನು ಹೊಟ್ಟೆ ತುಂಬ ಉಂಡು ಮಲಗಿದೆ.

ಫೆಬ್ರವರಿ 8, ಶನಿವಾರ

ಮತ್ತೆ ಹೋಯಿತು! ಅದೇ ಬಾಗಿಲ ಕಡೆಯದು. ಥೂ ಇದರ!

ಈ ಸಲ ಗುರುಲಿಂಗ ಹೊಸದನ್ನು ಕೂರಿಸುವುದನ್ನು ನಿಂತು ನೋಡಿದೆ. ಪುಣ್ಯಾತ್ಮ ಬೇರಿಂಗನ್ನು ಶಾಫ್ಟಿಗೆ ಇಟ್ಟು ಸುತ್ತಿಗೆಯಿಂದ ಹೊರಬಳೆಯ ಮೇಲೆ ಧಡ್ ಧಡ್ ಎಂದು ಬಾರಿಸಿದ. ಅಂದರೆ ಪೆಟ್ಟೆಲ್ಲ ಎರಡು ಬಳೆಗಳ ನಡುವಿನ ಗುಂಡುಗಳ ಮೇಲೆ. ಹೊಡೆಯುವುದೇ ಆದರೆ ಒಳಬಳೆಗೆ ಹೊಡೆಯಬೇಕೆಂದು ಜೀನತ ಅವತ್ತೇ ಹೇಳಿದ್ದಳು.

"ಏ ಗುರುಲಿಂಗ, ಕೂಸನ್ನ ತೊಟ್ಟಲಿಗೆ ಹಾಕೋದು ಹಿಂಗೇನು?"

"ಇಷ್ಟು ವರ್ಷ ಹಿಂಗೇ ಹಾಕೇನ್ರಿ ವೈನೀರ. ಬುಶ್ ಇದ್ದಾಗ ಏನೂ ಆಗ್ತಿರ್ಲಿಲ್ಲ."

"ಇದು ಬುಶ್ ಅಲ್ಲೋ ಮಾರಾಯಾ!"

ಮನೆಗೆ ಬಂದರೆ ಅಮರನಾಥರ ಮುಖ ಕೆಂಪಗಾಗಿತ್ತು. ಮಿಲ್ಲಿನ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

"ಇನ್ನೊಮ್ಮೆ ನಿಂತ್ರ ಮುಗೀತು. ಕಲಬುರಗಿ ಸಾವಕಾರಗ ಲೀಜಿಗೆ ಕೊಡ್ತೇನಿ, ಯುಗಾದಿ ಪಾಡ್ಯಕ್ಕ ಬರದು ಕೊಡ್ತೇನಿ. ಬೀಗದ ಕೈ ಸೈತ ಅವರಿಗೇ ಹೋಗ್ಲಿ." ದನಿ ಏರಿಸಿ ಪಡಸಾಲೆಯಲ್ಲಿದ್ದ ಮಾವನಿಗೆ ಕೇಳುವ ಹಾಗೆ ಸೇರಿಸಿದರು. "ಮಷೀನ್ ಬಂದ ದಿನಾನೇ ಅಪಶಕುನ ನುಡದ್ರ ಹ್ಯಾಂಗ ನಡೀತದ ಅದು?"

ಮಾವ ಎದ್ದು ಹೊರಗೆ ಹೋದರು. ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ.

ಕೊಡಲಿ, ಲೀಜಿಗೆ ಕೊಡಲಿ! ನನಗಂತೂ ಅದರಷ್ಟು ಸುಖ ಇನ್ನೊಂದಿಲ್ಲ. ನಾಳೆಯೇ ಶಾಲೆಗೆ ಓಡುತ್ತೇನೆ.

ಫೆಬ್ರವರಿ 11, ಮಂಗಳವಾರ

ಬೇರಿಂಗನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಇಟ್ಟರೆ ಬಳೆ ಒಂದು ಕೂದಲೆಳೆ ಹಿಗ್ಗಿ ಶಾಫ್ಟಿನ ಮೇಲೆ ತಾನೇ ಸರಿಯುತ್ತದೆ, ಸುತ್ತಿಗೆಯೇ ಬೇಡವೆಂದಳು ಜೀನತ. ಗುರುಲಿಂಗ ಸುತರಾಂ ಒಪ್ಪಲಿಲ್ಲ. ಅವನು ಸುತ್ತಿಗೆಯಿಂದ ಹಾಕಿದ್ದನ್ನು ತೆಗೆಸಿ, ಜೀನತಳಿಂದ ಬೇರೆಯದನ್ನು ತಂದು, ಮನೆಯಿಂದ ಹಳೇ ಬೋಗುಣಿ ಒಯ್ದು ನಾನೇ ಒಲೆ ಹಚ್ಚಿದೆ. ಹಮಾಲರೆಲ್ಲ ಸುತ್ತ ನಿಂತು "ಅಕ್ಕಾರ ಭಜಿ ಕರೀಲಾಕತ್ತಾರ" ಎಂದು ಕಿಸಿಕಿಸಿ ನಕ್ಕರು. ಎಣ್ಣೆಯಿಂದ ತೆಗೆದದ್ದು ಶಾಫ್ಟಿನ ಮೇಲೆ ಬೆಣ್ಣೆಯ ಹಾಗೆ ಜಾರಿ ಕೂತಿತು. ಆಮೇಲೆ ಯಾರೂ ನಗಲಿಲ್ಲ. ಗುರುಲಿಂಗ ಮಾತ್ರ ಸಂಜೆಯವರೆಗೆ ಮುಖ ಊದಿಸಿಕೊಂಡಿದ್ದ.

ಫೆಬ್ರವರಿ 18, ಮಂಗಳವಾರ

ಮಷೀನ್ ಚೆನ್ನಾಗಿ ನಡೆಯುತ್ತಿದೆ. ಸ್ಕ್ರೂಡ್ರೈವರಿನ ತುದಿಯನ್ನು ಗೂಡಿಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟರೆ ಒಳಗಿನ ಗುಂಡುಗಳ ಸದ್ದು ಕೇಳುತ್ತದೆ. ಗುಂಯ್ ಎಂದು ಒಂದೇ ಸಮ ಇದ್ದರೆ ಆರೋಗ್ಯ, ಕಟಕಟ ಎಂದರೆ ರೋಗ. ಬೆಳಿಗ್ಗೆ, ಊಟದ ಹೊತ್ತಿಗೆ, ಬಾಗಿಲು ಹಾಕುವ ಮುಂಚೆ ಕೇಳುತ್ತೇನೆ. ಮಾವ ದೂರ ಚೀಲದ ಮೇಲೆ ಕೂತು ನೋಡುತ್ತಿರುತ್ತಾರೆ. "ಏನಂತದ?" ಎಂದು ಒಮ್ಮೆ ಕೇಳಿದರು. "ಅರಾಮ ಅದಂತ್ರಿ" ಎಂದೆ.

ಹೆಡ್‌ಮಾಸ್ತರರ ಫೋನ್ ಬಂದಿತ್ತು. ಸದ್ದಿನಲ್ಲಿ ಕೇಳಲಿಲ್ಲ. ಸಂಜೆ ಮಾಡೋಣವೆಂದುಕೊಂಡವಳು ಗ್ರೀಸ್ ತರಲು ಹೋಗಿ ಮರೆತೆ. ನಾಳೆ ಮಾಡಬೇಕು. ತಿಂಗಳ ರಜೆ ಮುಗಿಯುತ್ತ ಬಂತು, ಮುಂದುವರಿಸಿ ಎಂದು ಕೇಳಬೇಕು.

ಫೆಬ್ರವರಿ 27, ಗುರುವಾರ

ನಿನ್ನೆ ಶಿವರಾತ್ರಿಯ ಉಪವಾಸ, ಇವತ್ತು ಅಮಾವಾಸ್ಯೆ. ಮಿಲ್ ಬಂದ್ ಇದ್ದರೂ ನನಗೆ ಸುಖವಿಲ್ಲ. ರಜೆ ಮುಂದುವರಿಸಿ ಶಾಲೆಯವರು ತಿದ್ದಲು ಕಳಿಸಿದ ಉತ್ತರಪತ್ರಿಕೆಗಳನ್ನು ಮಿಲ್ಲಿನ ಟೇಬಲ್ ಮೇಲೆ ಬಿಟ್ಟು ಬಂದಿದ್ದೆ. ತರಲು ಹೋದರೆ ಬಾಗಿಲು ಅರ್ಧ ತೆರೆದಿತ್ತು.

ಒಳಗೆ ಮಾವ! ಧೋತರ ಮೇಲೆ ಕಟ್ಟಿಕೊಂಡು ಕೊಡದಿಂದ ನೀರು ಹೊಯ್ದು ಹೊಸ ಮಷೀನಿಗೆ ಸ್ನಾನ ಮಾಡಿಸುತ್ತಿದ್ದರು. ವಿಭೂತಿ ಹಚ್ಚಿದರು. ಚೀಲದಿಂದ ತೆಂಗಿನಕಾಯಿ ತೆಗೆದು, ನಾರು ಸುಲಿದು, ಬಾಗಿಲ ಕಡೆಯ ಗೂಡಿನ ಮೇಲೆ ಠಪ್ಪೆಂದು ಒಡೆದರು. ನಿಂತವರ ಕೈಯಳತೆಗೆ ಗಟ್ಟಿ ಕಬ್ಬಿಣ ಅದೊಂದೇ. ಕಾಯಿನೀರು ಗೂಡಿನ ಮೇಲಿಂದ ಶಾಫ್ಟಿನ ಗುಂಟ ಇಳಿಯಿತು. ಹೋಳುಗಳನ್ನು ಅಲ್ಲೇ ಇಟ್ಟು ಕಣ್ಣು ಮುಚ್ಚಿ ಕೈ ಮುಗಿದು ನಿಂತರು.

ಕಬ್ಬಿಣಕ್ಕೆ ಕೈ ಮುಗಿಯುವುದಿಲ್ಲ ಎಂದು ಊರ ಮುಂದೆ ಸಾರಿದ ಮನುಷ್ಯ! ನನ್ನನ್ನು ಕಂಡು ಕಳುವು ಮಾಡಿ ಸಿಕ್ಕಿಬಿದ್ದವರ ಹಾಗೆ ಆದರು.

"ಅಮರಗ ಹೇಳಬ್ಯಾಡ ಯವ್ವಾ."

"ನಾ ಯಾಕ ಹೇಳ್ಲಿ ಮಾವಾರ? ಆದ್ರ ನೆಲಾ ಎಲ್ಲಾ ನೀರು ಮಾಡೀರಿ, ನಾಳಿಗೆ ತೊಗರಿ ಎಲ್ಲಿ ಹರವಬೇಕ್ರಿ?"

ಒಣಬಟ್ಟೆ ಹುಡುಕಿ ನೆಲ ಒರೆಸಿದೆ. ಇವರ ಭಕ್ತಿಯ ನೀರು ಬಳಿಯುವವಳೂ ನಾನೇ. ಅಷ್ಟು ಬೇಕಾಗಿದ್ದರೆ ಅವತ್ತೇ ಒಂದು ಕಾಯಿ ಒಡೆದಿದ್ದರೆ ಈ ಮನೆಯಲ್ಲಿ ವರ್ಷದ ಮೌನವಾದರೂ ತಪ್ಪುತ್ತಿತ್ತು.

ಮಾರ್ಚ್ 8, ಶನಿವಾರ

ಕಟಕಟ ಸದ್ದು ಮೂರು ದಿನದಿಂದ ಕೇಳುತ್ತಿತ್ತು. ಇವತ್ತು ನಾನೇ ಮಷೀನ್ ನಿಲ್ಲಿಸಿ, ಬಾಗಿಲ ಕಡೆಯ ಬೇರಿಂಗ್ ಬಿಚ್ಚಿಸಿ, ಕಾಗದದಲ್ಲಿ ಸುತ್ತಿಕೊಂಡು ಜೀನತಳ ಅಂಗಡಿಗೆ ಒಯ್ದೆ. ಗುರುಲಿಂಗನ ತಪ್ಪಲ್ಲ, ಸುತ್ತಿಗೆ ಮುಟ್ಟಿಸಿಯೇ ಇಲ್ಲ. ಮಾಲು ಡೂಪ್ಲಿಕೇಟ್ ಅಲ್ಲ. ಮತ್ತೇನು? ನನ್ನ ತಲೆ ಕೆಟ್ಟುಹೋಗಿತ್ತು.

ಜೀನತ ಹೊರಬಳೆಯನ್ನು ವಾಲಿಸಿ ಬೆರಳಿನಿಂದ ಗ್ರೀಸ್ ತೆಗೆದಳು. ಕೆಂಪಗಿರಬೇಕಾದ ಗ್ರೀಸ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು.

"ನೀರು ಹೋಗ್ಯಾದ ಟೀಚರ್. ಇಲ್ಲಿ ನೋಡ್ರಿ, ಗುಂಡು ಓಡೋ ಹಾದಿ ಮ್ಯಾಲ ಕಲೆ. ಒಂದಕ್ಕೊಂದು ಬರೋಬರ್ ಅಂತರ. ಗುಂಡು ನಿಂತಲ್ಲೇ ಜಂಗು ಹಿಡದದ. ಮಷೀನ್ ಬಂದ್ ಇದ್ದಾಗ ನೀರು ಬಿದ್ದು ಹಂಗೇ ನಿಂತದ. ಮರುದಿನ ಚಾಲೂ ಮಾಡೀರಿ, ಆ ತಗ್ಗಿನ ಮ್ಯಾಲ ಗುಂಡು ಕುಣಕೋತ ಓಡ್ಯಾವ."

"ನಮ್ಮಲ್ಲಿ ಅಲ್ಲಿ ನೀರೇ ಬರಂಗಿಲ್ಲ ಜೀನತ."

"ಹಂಗಾರ ಇದೇನು? ಗೋಣಿಚೀಲದ್ದೇನು?"

ಗ್ರೀಸಿನಿಂದ ಅವಳು ಎಳೆದು ತೆಗೆದದ್ದು ಒಂದು ನಾರು. ಕಂದು ಬಣ್ಣದ, ಒರಟು, ತೆಂಗಿನಕಾಯಿಯ ನಾರು.

ಡಿಸೆಂಬರಿನ ಕೊನೆಯ ಅಮಾವಾಸ್ಯೆ, ಜನವರಿಯದು, ಮೊನ್ನೆಯದು, ಎಲ್ಲವೂ ಒಂದರ ಹಿಂದೊಂದು ಬಂದು ಕಣ್ಣ ಮುಂದೆ ನಿಂತವು. ಗೋಣಿಚೀಲದ್ದೇ ಇರಬೇಕು ಎಂದು ಸುಳ್ಳು ಹೇಳಿ ನಾರನ್ನು ಕಾಗದದಲ್ಲಿ ಮಡಚಿಕೊಂಡು ಬಂದೆ.

ಮಾರ್ಚ್ 11, ಮಂಗಳವಾರ

ಹೊಸ ಬೇರಿಂಗ್ ಕೂರಿಸಿಯಾಯಿತು, ಮಷೀನ್ ಓಡುತ್ತಿದೆ. ಆದರೆ ಅಮರನಾಥರು ಸಾವಕಾರರಿಗೆ ಫೋನ್ ಮಾಡಿಬಿಟ್ಟಿದ್ದಾರೆ. ಯುಗಾದಿ ಪಾಡ್ಯಕ್ಕೆ ಕರಾರು, ಅದಕ್ಕಿಂತ ಎರಡು ದಿನ ಮೊದಲು ಅವರು ಮಾತು ಮುಗಿಸಲು ಮನೆಗೆ ಬರುವುದು.

"ಇನ್ನ ಕೆಡಂಗಿಲ್ರಿ, ನಾ ಹೇಳ್ತೇನಿ, ಕೆಡಂಗಿಲ್ಲ."

"ಯಾಕ ಕೆಡಂಗಿಲ್ಲ? ಕಾರಣ ಹೇಳು."

ಏನೆಂದು ಹೇಳಲಿ? ನಿಮ್ಮಪ್ಪನೇ ಕೆಡಿಸಿದ್ದು ಎನ್ನಲೇ? ಮೊದಲೇ "ಮುದುಕನ ಕಣ್ಣು ಬಿದ್ದು ಹಾಳಾಯಿತು" ಎನ್ನುವ ಮನುಷ್ಯ. ಇದು ಗೊತ್ತಾದರೆ ಮಾವನನ್ನು ಮಿಲ್ಲಿನ ಮೆಟ್ಟಿಲು ಹತ್ತಗೊಡುವುದಿಲ್ಲ. ಹೇಳದಿದ್ದರೆ ನಮ್ಮ ಮಿಲ್ ಸಾವಕಾರರ ಪಾಲು. ಬೀಗದ ಕೈ ಕೊಟ್ಟ ದಿನ ಮಾವ ಎಲ್ಲಿ ಹೋಗಿ ಕೂಡಬೇಕು? ಎರಡೂ ಕಡೆ ಸಿಕ್ಕಿಕೊಂಡೆ. ಇವರಿಬ್ಬರ ಹಟಕ್ಕೆ ಬೆಂಕಿ ಬೀಳಲಿ!

ಮಾರ್ಚ್ 16, ಭಾನುವಾರ

ಹೇಳಿಬಿಟ್ಟೆ, ಮಾವನಿಗೆ. ಹಿತ್ತಲಲ್ಲಿ ಅವರ ಮುಂದೆ ನಾರನ್ನೂ ಸತ್ತ ಬೇರಿಂಗನ್ನೂ ಇಟ್ಟು ಎಲ್ಲ ಹೇಳಿದೆ. ಬುಶ್ಶಿಗೆ ನೀರು ಬಿದ್ದರೆ ಎಣ್ಣೆಯ ಜೊತೆ ಹರಿದು ಹೋಗುತ್ತಿತ್ತು, ಹಿತ್ತಾಳೆಗೆ ತುಕ್ಕಿನ ಭಯವೂ ಇರಲಿಲ್ಲ. ಇದು ಹಾಗಲ್ಲ. ಗುಂಡು ತಾಗುವುದು ಸಾಸಿವೆಯಷ್ಟು ಜಾಗಕ್ಕೆ, ಅಲ್ಲೊಂದು ಕಲೆ ಬಿದ್ದರೂ ತಡೆಯುವುದಿಲ್ಲ.

ಬೇರಿಂಗನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿದರು. ಅದು ಕಟಕಟ ಎಂದಿತು.

"ಹಂಗಾರ ಇದನ್ನ ಕೆಡಿಸಿದವ ನಾನೇ."

"ಗೊತ್ತಿಲ್ದ ಆಗ್ಯಾದ್ರಿ."

"ಅಮರಗ ಹೇಳಿದ್ಯೇನು?"

"ಇಲ್ರಿ."

"ಹೇಳು. ನೀನೇ ಹೇಳು ಯವ್ವಾ, ನನ್ನ ಬಾಯಿಂದ ಬರಂಗಿಲ್ಲ."

ಇಷ್ಟು ದಿನ ತಡೆದದ್ದೆಲ್ಲ ಒಮ್ಮೆಗೇ ಹೊರಗೆ ಬಂತು. "ನಾ ಹೇಳಂಗಿಲ್ರಿ! ವರ್ಷಾತು ನಿಮ್ಮಿಬ್ಬರ ಮಾತು ಅತ್ತಿಂದಿತ್ತ ಹೊತ್ತು ಸಾಕಾಗೇದ. ಇದೊಂದು ಮಾತು ನೀವೇ ಹೊತ್ಕೊಂಡು ಹೋಗ್ರಿ."

ಹಿರಿಯರಿಗೆ ಹಾಗೆ ಅನ್ನಬಾರದಿತ್ತು. ಅಂದೆ, ಏನು ಮಾಡಲಿ. ಒಳಗೆ ಬಂದು ರೊಟ್ಟಿ ಬಡಿಯುತ್ತ ಅತ್ತೆ. ಹಿಟ್ಟಿನ ಮೇಲೆ ಸಿಟ್ಟು ತೀರಿಸಿಕೊಂಡದ್ದರಿಂದ ರೊಟ್ಟಿಯೆಲ್ಲ ಹರಿದವು.

ಮಾರ್ಚ್ 22, ಶನಿವಾರ

ಮಾವ ಮಿಲ್ಲಿಗೆ ಬಂದಿಲ್ಲ, ವಾರವಾಯಿತು. ಬೀಗದ ಕೈಯನ್ನು ನನ್ನ ತಲೆದಿಂಬಿನ ಹತ್ತಿರ ಇಟ್ಟು ಹೋಗಿದ್ದರು. ಅವರು ಕೂರುತ್ತಿದ್ದ ಚೀಲದ ಮೇಲೆ ಹಮಾಲರು ಕೂರಲು ಹೋದರೆ ಬೈದು ಎಬ್ಬಿಸಿದೆ.

ನಿನ್ನೆ ಹತ್ತನೆಯ ತರಗತಿಯ ಪರೀಕ್ಷೆ ಶುರುವಾಯಿತಂತೆ. ಇವತ್ತು ಪೇಪರ್ ನೋಡಿದ ಮೇಲೆ ಗೊತ್ತಾಯಿತು.

ಮಾರ್ಚ್ 28, ಶುಕ್ರವಾರ

ಇವತ್ತಿನದನ್ನು ಇವತ್ತೇ ಬರೆದಿಡಬೇಕು.

ಬೆಳಿಗ್ಗೆ ಸಾವಕಾರರು ಬರುವವರಿದ್ದರು. ಅಮರನಾಥರು ಶರ್ಟು ಇಸ್ತ್ರಿ ಮಾಡಿಸಿ ಹಾಕಿಕೊಂಡು, ಕೋಲು ಪಕ್ಕಕ್ಕಿಟ್ಟು ಮಂಚದ ಮೇಲೆ ಕೂತಿದ್ದರು. ನಾನು ಚಹಾಕ್ಕೆ ಇಟ್ಟಿದ್ದೆ. ಮಾವ ಸ್ನಾನ, ಲಿಂಗಪೂಜೆ ಮುಗಿಸಿ ಬಂದವರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಒಳಗೆ ಬರಲಿಲ್ಲ.

"ಅಮರಾ."

ಅಮರನಾಥರು ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು. "ಏನಂತಾರ ಕೇಳು."

ನಾನು ಬಾಯಿ ಬಿಡಲಿಲ್ಲ. ಚಹಾ ಉಕ್ಕಿ ಒಲೆಗೆ ಬಿತ್ತು, ಆದರೂ ಅಲುಗಲಿಲ್ಲ.

"ಅಕಿನ ಕೇಳಬ್ಯಾಡ. ನಿನಗೇ ಹೇಳಾಕತ್ತೇನಿ. ನಿನ್ನ ಮಷೀನ್ ಕೆಡಿಸಿದವ ನಾನು. ಪ್ರತಿ ಅಮಾಸಿಗೆ ಹೋಗಿ ನೀರು ಹಾಕಿ ತೊಳೀತಿದ್ದೆ, ಬೇರಿಂಗಿನ ಮ್ಯಾಲ ಕಾಯಿ ಒಡೀತಿದ್ದೆ. ಆ ನೀರು ಒಳಗ ಹೋಗಿ ಜಂಗು ಹಿಡದದಂತ. ಮಷೀನ್ ಬರೋಬರ್ ಅದ, ಲೀಜಿಗೆ ಕೊಡಬ್ಯಾಡ. ಬ್ಯಾಡಾದವ ನಾನು, ನಾ ಇನ್ನ ಆ ಕಡೆ ಹೋಗಂಗಿಲ್ಲ."

ಈಗ ಸಿಡಿಯುತ್ತಾರೆ ಎಂದು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಮರನಾಥರು ಸಿಡಿಯಲಿಲ್ಲ. ತಿಳಿಯದವರ ಹಾಗೆ ಕಣ್ಣು ಪಿಳಿಪಿಳಿ ಬಿಟ್ಟರು.

"ನೀವು ಅದಕ್ಕ ಕಾಯಿ ಒಡೀತಿದ್ರ್ಯಾ?"

"ಹೂಂ."

"ಎಂದಿ‌ನಿಂದ?"

"ಅದು ಬಂದಾಗಿಂದ. ಒಂದ ಅಮಾಸಿನೂ ತಪ್ಪಿಸಿಲ್ಲ."

"ಕೈ ಹಚ್ಚಂಗಿಲ್ಲ ಅಂದಿದ್ರಿ. ಎಲ್ಲಾರ ಮುಂದ ಅಂದಿದ್ರಿ."

"ಅಂದಿದ್ದೆಪಾ." ಮಾವ ಮಗನ ಕೈಗಳ ಕಡೆ ನೋಡಿದರು. "ಹಳೇದು ತಿರುಗೋದು ಕಣ್ಣಿಗೆ ಕಾಣತಿತ್ತು. ಇದು ಎಷ್ಟು ಜೋರ ತಿರಗತದಂದ್ರ ನಿಂತಂಗೇ ಕಾಣತದ. ನೀ ಅದರ ಬೆಲ್ಟಿನ ಬಾಜೂಕ ಕೈ ಹಾಕಿ ತೊಗರಿ ಸರಸ್ತಿ. ನನಗ ನಿದ್ದಿ ಬರ್ತಿರ್ಲಿಲ್ಲ. ನಾ ಮಷೀನಿಗೆ ಏನೂ ಬೇಡಿಲ್ಲೋ, ಅದು ಹಾಳಾಗಿ ಹೋಗ್ಲಿ. ನನ್ನ ಮಗನ ಕೈ ಒಂದು ಕಾಯಿ ಅಂತ ಬೇಡ್ಕೋತಿದ್ದೆ."

ಅಮರನಾಥರು ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆಮೇಲೆ ಅವುಗಳಿಂದಲೇ ಮುಖ ಮುಚ್ಚಿಕೊಂಡು ಸಣ್ಣ ಹುಡುಗನ ಹಾಗೆ ಅತ್ತರು. ಮಾವ ಹೊಸ್ತಿಲು ದಾಟಿ ಬಂದು ಮಂಚದ ತುದಿಗೆ ಕೂತು, ಮುರಿದ ಕಾಲಿನ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ಸಾವಕಾರರು! ಇವರಿಬ್ಬರೂ ಮುಖ ಎತ್ತುವ ಸ್ಥಿತಿಯಲ್ಲಿ ಇರಲಿಲ್ಲ. ನಾನೇ ಹೋದೆ. ಬಾಗಿಲಲ್ಲೇ ನಿಂತು "ಮಿಲ್ ಲೀಜಿಗೆ ಇಲ್ರಿ ಸಾವಕಾರ್ರ. ನಾ ನಡಸಾಕತ್ತೇನಿ" ಎಂದೆ. ಯಾರನ್ನೂ ಕೇಳದೆ ಹಾಗೆ ಹೇಗೆ ಅಂದೆನೋ ನನಗೇ ತಿಳಿಯದು. ಹೆಡ್‌ಮಾಸ್ತರರಿಗೆ ಏನು ಹೇಳುವುದೋ ಅದೂ ತಿಳಿಯದು. ಅವರು ಗೊಣಗುತ್ತ ಕಾರು ತಿರುಗಿಸಿದರು.

ವಾಪಸು ಒಳಗೆ ಬರುವಷ್ಟರಲ್ಲಿ ಕೋಣೆಯಲ್ಲಿ ಕೂಗಾಟ ಶುರುವಾಗಿತ್ತು.

"ಬುಶ್ ಇದ್ದಿದ್ರ ನೂರು ಕಾಯಿ ಒಡದ್ರೂ ಏನೂ ಆಗ್ತಿರ್ಲಿಲ್ಲ!"

"ಬುಶ್ ಇದ್ದಿದ್ರ ಇಷ್ಟು ತೊಗರಿ ಇನ್ನಾ ಎರಡು ವರ್ಷ ಸುಲೀಬೇಕಿತ್ತಪಾ, ನಿಮಗೇನ್ ತಿಳೀತದ!"

"ನನಗ ತಿಳ್ಯಾಂಗಿಲ್ಲೇನ್ಲೇ? ಮಿಲ್ ಕಟ್ಟಿದವ ಯಾರು?"

ಓಣಿಯವರೆಲ್ಲ ಕಿಟಕಿಯಿಂದ ಇಣುಕುತ್ತಿದ್ದರು. ಉಕ್ಕಿದ ಚಹಾ ಚೆಲ್ಲಿ ಮತ್ತೆ ಮೂವರಿಗೂ ಇಟ್ಟೆ. ಜಗಳ ಬಿಡಿಸಲು ಹೋಗಲಿಲ್ಲ.